ಟೀವಿಯಲ್ಲಿ ಕಂಡ ಏಲಿಯನ್: ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನ ನಮ್ಮ ಚಿಕ್ಕಪ್ಪ ತಿಂಗಳಿಗೆ ಎರಡು ಸಲವಾದರೂ ಒಂದು ವಿಡಿಯೋ ಕಳಿಸುತ್ತಾರೆ. ಯಾವುದೋ ದೇಶದ ಅಧ್ಯಕ್ಷರ ಭಾಷಣ, ಹಿಂದೆ ನಿಂತವನ ಮುಖಕ್ಕೆ ಕೆಂಪು ವೃತ್ತ, ಅದರ ಕೆಳಗೆ ಚಿಕ್ಕಪ್ಪನ ಒಂದು ಸಾಲು: "ಲೋ, ಇವನ ಕಣ್ಣು ನೋಡೋ." ಅಂದರೆ, ಇವನು ಮನುಷ್ಯನ ವೇಷ ಹಾಕಿದ ಹಲ್ಲಿಯಂಥ ಏಲಿಯನ್ ಅಂತ. ನಾನು ಸುದ್ದಿ ವಾಹಿನಿಯೊಂದರ ಎಡಿಟಿಂಗ್ ರೂಮಿನಲ್ಲಿ ಬಹಳ ವರ್ಷ ಕೂತವನು. ಹಾಗಾಗಿ ಮನೆಯವರು, ಗೆಳೆಯರು, ಗೆಳೆಯರ ಮಕ್ಕಳು ಎಲ್ಲರೂ ಇಂಥದ್ದನ್ನು ನನಗೇ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಬೆರಳು ಸವೆಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಬಾಮಾ ಭಾಷಣದಲ್ಲಿ ಕಂಡ ಆ ಏಲಿಯನ್ ಗಾರ್ಡ್ ಕತೆ ಏನು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. 2012ರ ಮಾರ್ಚ್ 4ರಂದು ವಾಷಿಂಗ್ಟನ್‌ನಲ್ಲಿ ಎಐಪ್ಯಾಕ್ ಎಂಬ ಇಸ್ರೇಲ್ ಪರ ಸಂಘಟನೆಯ ಸಮಾವೇಶ ನಡೆಯಿತು. ಬರಾಕ್ ಒಬಾಮಾ ಅಲ್ಲಿ ಭಾಷಣ ಮಾಡಿದರು. ಸಭಿಕರ ನಡುವೆ ಭದ್ರತೆಯ ಮನುಷ್ಯನೊಬ್ಬ ಆ ಕಡೆ ಈ ಕಡೆ ನೋಡುತ್ತಾ ನಿಂತಿದ್ದ. ಅದು ಅವನ ಕೆಲಸ. ಒಂದು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2013ರ ಮಾರ್ಚಿನಲ್ಲಿ ಯೂಟ್ಯೂಬಿನ ಒಂದು ವಿಡಿಯೋ ಎಲ್ಲೆಡೆ ಹರಿದಾಡಿತು. ಅದರಲ್ಲಿ ಆತನ ಮುಖವನ್ನು ಹಿಗ್ಗಿಸಿ, ನಿಧಾನ ಮಾಡಿ, "ನೋಡಿ, ರೂಪ ಬದಲಿಸುವ ಹಲ್ಲಿಮನುಷ್ಯ" ಎಂದು ತೋರಿಸಿದ್ದರು. ಹಿಗ್ಗಿಸಿದ ಚಿತ್ರದಲ್ಲಿ ಮೂಗು ಚಪ್ಪಟೆ, ಕಣ್ಣು ಬರೀ ಗುಳಿ, ತಲೆ ಸ್ವಲ್ಪ ಉದ್ದ. ಮೊದಲ ಸಲ ನೋಡಿದಾಗ ನನಗೂ ಒಂದು ಕ್ಷಣ ಕಸಿವಿಸಿಯಾಯಿತು, ಸುಳ್ಳು ಯಾಕೆ ಹೇಳಲಿ.

ವೈರ್ಡ್ ಪತ್ರಿಕೆ ಇದನ್ನು ಶ್ವೇತಭವನಕ್ಕೇ ಕೇಳಿಬಿಟ್ಟಿತು. ಆ ತಿಂಗಳ 1ನೇ ತಾರೀಕಿನಿಂದ ಅಮೆರಿಕ ಸರ್ಕಾರದ ಖರ್ಚಿಗೆ ದೊಡ್ಡ ಕತ್ತರಿ ಬಿದ್ದಿತ್ತು. ರಾಷ್ಟ್ರೀಯ ಭದ್ರತಾ ಮಂಡಳಿಯ ವಕ್ತಾರೆ ಕೇಟ್ಲಿನ್ ಹೇಡನ್ ಅದನ್ನೇ ಹಿಡಿದು ತಮಾಷೆ ಮಾಡಿದರು. ಅಧ್ಯಕ್ಷರನ್ನು ಏಲಿಯನ್‌ಗಳಿಂದಲೋ ರೋಬೋಗಳಿಂದಲೋ ಕಾಯಿಸುವ ಯೋಜನೆ ಏನಾದರೂ ಇದ್ದಿದ್ದರೆ, ಈ ಕಡಿತದಲ್ಲಿ ಅದಕ್ಕೂ ಕತ್ತರಿ ಬೀಳುತ್ತಿತ್ತು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಹೆಚ್ಚಿನ ವಿವರಕ್ಕೆ ಏರಿಯಾ 51 (ಏಲಿಯನ್ ಕತೆಗಳಿಗೆ ಹೆಸರಾದ ಅಮೆರಿಕದ ಗುಪ್ತ ಸೇನಾ ನೆಲೆ) ವಿಚಾರಿಸಿ ಎಂದೂ ಸೇರಿಸಿದರು. ನಗುವವರು ನಕ್ಕರು. ನಂಬುವವರಿಗೆ ಮಾತ್ರ "ನೋಡಿ, ಇಲ್ಲ ಅಂತ ಹೇಳಲೇ ಇಲ್ಲ" ಅನ್ನೋದಕ್ಕೆ ಒಂದು ನೆಪ ಸಿಕ್ಕಿತು. ತಮಾಷೆ ಮಾಡಿದರೆ ಇದೇ ಕಷ್ಟ.

ಹಾಗಾದರೆ ಆ ಮುಖ ಹಾಗೆ ಕಂಡದ್ದು ಯಾಕೆ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಕಾಫಿ ಇದ್ದರೆ ತಂದುಕೊಳ್ಳಿ.

ಮೊದಲು ಲೆಕ್ಕ. ಯೂಟ್ಯೂಬಿನಲ್ಲಿ 720 ಗುಣಮಟ್ಟದ ವಿಡಿಯೋ ಅಂದರೆ ಅಡ್ಡಕ್ಕೆ 1280 ಚುಕ್ಕಿ, ಉದ್ದಕ್ಕೆ 720 ಚುಕ್ಕಿ. ದೂರದಲ್ಲಿ ನಿಂತ ಮನುಷ್ಯನ ಮುಖಕ್ಕೆ ಅದರಲ್ಲಿ 60 ಚುಕ್ಕಿ ಅಗಲ ಸಿಕ್ಕಿತು ಅಂದುಕೊಳ್ಳಿ. ಅದೂ ಉದಾರ ಲೆಕ್ಕವೇ. ಚಿತ್ರ ಬರೆಯುವವರು ಹೇಳುತ್ತಾರಲ್ಲ, ಮುಖದ ಅಗಲ ಐದು ಕಣ್ಣಿನಷ್ಟು ಅಂತ. ಹಾಗಾದರೆ ಒಂದು ಕಣ್ಣಿಗೆ 12 ಚುಕ್ಕಿ. ಕಪ್ಪುಗುಡ್ಡೆಗೆ 5 ಚುಕ್ಕಿ. ನಡುವಿನ ಪಾಪೆಗೆ? ಹೆಚ್ಚೆಂದರೆ ಒಂದೋ ಒಂದೂವರೆಯೋ ಚುಕ್ಕಿ. ಒಂದೂವರೆ ಚುಕ್ಕಿ ನೋಡಿ ಪಾಪೆ ದುಂಡಗಿದೆಯಾ ಸೀಳಾಗಿದೆಯಾ ಅಂತ ಹೇಳೋದು ಹೇಗೆ? ರಾಗಿ ಕಾಳು ನೋಡಿ ಅದನ್ನು ಬೆಳೆದವನ ಹೆಸರು ಹೇಳಿದ ಹಾಗೆ.

ಎರಡನೆಯದು ಕಂಪ್ರೆಷನ್, ಅಂದರೆ ಫೈಲನ್ನು ಒತ್ತಿ ಚಿಕ್ಕದು ಮಾಡೋದು. ವಿಡಿಯೋದ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳಿಸಿದರೆ ಯಾವ ನೆಟ್ಟೂ ತಡೆಯೋದಿಲ್ಲ. ಅದಕ್ಕೆ ಚಿತ್ರವನ್ನು 16ಕ್ಕೆ 16 ಚುಕ್ಕಿಯ ಚೌಕಗಳಾಗಿ ಒಡೆಯುತ್ತಾರೆ. ಪೂರ್ತಿ ಚಿತ್ರ ಆಗೊಂದು ಈಗೊಂದು ಮಾತ್ರ ಹೋಗುತ್ತದೆ. ನಡುವೆ ಹೋಗುವುದು "ಈ ಚೌಕ ಮೊದಲಿನಂತೆ, ಆ ಚೌಕ ಸ್ವಲ್ಪ ಎಡಕ್ಕೆ" ಎಂಬ ಸೂಚನೆ ಅಷ್ಟೇ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಅದೇ ಮಾತು ಮತ್ತೆ ಬರೆಯೋ ಬದಲು ಕೆಳಗೆ ಎರಡು ಗೀಟು ಎಳೀತಾರಲ್ಲ, ಹಾಗೆ. ಭಾಷಣಕಾರನ ಹಿಂದಿನ ಗೋಡೆಗೆ ಈ ಗೀಟು ಸಾಕು. ಆದರೆ ಕತ್ತಲ ಮೂಲೆಯಲ್ಲಿ ನಿಂತು ಸರಕ್ಕನೆ ತಲೆ ತಿರುಗಿಸಿದವನ ಗತಿ? ಹಳೆಯ ಚಿತ್ರದ ಕೆನ್ನೆ ಹೊಸ ಚಿತ್ರದ ಮೂಗಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹೊಸ ಪೂರ್ತಿ ಚಿತ್ರ ಬಂದಾಗ ಮುಖ ಥಟ್ಟನೆ ಸರಿಯಾಗುತ್ತದೆ. ನಿಧಾನಗತಿಯಲ್ಲಿ ನೋಡಿದವರಿಗೆ ಅದು ರೂಪ ಬದಲಿಸಿದಂತೆಯೇ ಕಾಣುತ್ತದೆ. ರೂಪ ಬದಲಾದದ್ದೇನೋ ನಿಜ, ಆದರೆ ಫೈಲಿನಲ್ಲಿ.

ಬಣ್ಣದ ಕತೆ ಇನ್ನೂ ಅನ್ಯಾಯ. ನಮ್ಮ ಕಣ್ಣಿಗೆ ಬೆಳಕು ನೆರಳಿನ ವ್ಯತ್ಯಾಸ ತಿಳಿದಷ್ಟು ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡು, ಸಾಮಾನ್ಯ ವಿಡಿಯೋದಲ್ಲಿ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣ ಇಟ್ಟಿರುತ್ತಾರೆ. ಚರ್ಮದ ಬಣ್ಣ ಕಣ್ಣಿಗೆ ಸೋರುತ್ತದೆ, ಕಂದು ಕಣ್ಣು ಹಳದಿಯಾಗುತ್ತದೆ. ಆಮೇಲೆ ಕಮೆಂಟು: "ಹಳದಿ ಕಣ್ಣು ನೋಡಿ!"

ಇನ್ನು ಹಳೆಯ ಟೀವಿ ದೃಶ್ಯಗಳ ವಿಷಯ. ಅವು ಇಂಟರ್‌ಲೇಸ್ ಆಗಿರುತ್ತವೆ, ಅಂದರೆ ಒಂದೊಂದು ಚಿತ್ರವೂ ಎರಡು ಅರ್ಧವಾಗಿ ಬರುತ್ತದೆ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ 50 ಅರ್ಧ ಚಿತ್ರ. ಅಮೆರಿಕದಲ್ಲಿ ಸುಮಾರು 30 ಮತ್ತು 60. ಎರಡು ಅರ್ಧಗಳ ನಡುವೆ ಮನುಷ್ಯ ಅಲುಗಾಡಿದರೆ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಅದನ್ನು ಸರಿಮಾಡದೆ ನೆಟ್ಟಿಗೆ ಹಾಕಿ ಒತ್ತಿದರೆ ಹಲ್ಲುಗಳು ಕರಗಿ ಕೆನ್ನೆಯ ಮೇಲೆ ಸಾಲು ಸಾಲು ಬಿಲ್ಲೆಗಳಾಗುತ್ತವೆ. ಹಾವಿನ ಪೊರೆ ಥರ. 1990ರ ದಶಕದ ಬುಷ್, ಕ್ಲಿಂಟನ್, ಬ್ರಿಟನ್ ರಾಣಿಯ ವಿಡಿಯೋಗಳಲ್ಲಿ ಹಲ್ಲಿ ಚರ್ಮ ಜಾಸ್ತಿ ಕಾಣೋದಕ್ಕೆ ಇದೊಂದು ಕಾರಣ. ಆ ತಲೆಮಾರಿನ ನಾಯಕರಲ್ಲಿ ಹಲ್ಲಿಗಳು ಜಾಸ್ತಿ ಇದ್ದರು ಅಂತಲ್ಲ.

ಇದೆಲ್ಲ ಒಂದೇ ಸುತ್ತಿನ ಮಾತು. ವಾಹಿನಿಯಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಯಾರದೋ ರೆಕಾರ್ಡಿಂಗ್, ಯೂಟ್ಯೂಬು, ಅದನ್ನು ಇಳಿಸಿ ಹಿಗ್ಗಿಸಿ ಮತ್ತೆ ಯೂಟ್ಯೂಬು, ಕೊನೆಗೆ ವಾಟ್ಸಾಪು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್. ಚಿಕ್ಕಪ್ಪನ ಫೋನಿಗೆ ಬರುವ ಹೊತ್ತಿಗೆ ಅದರಲ್ಲಿ ಮನುಷ್ಯನಿಗಿಂತ ಚೌಕಗಳೇ ಹೆಚ್ಚು.

ಹತ್ತಿರದಿಂದ ತೆಗೆದ ದೃಶ್ಯದಲ್ಲೂ ಪಾಪೆ ಉದ್ದುದ್ದ ಸೀಳಾಗಿ ಕಾಣುತ್ತಲ್ಲ?

ಅದು ಸಾಮಾನ್ಯವಾಗಿ ಪಾಪೆಯಲ್ಲ, ದೀಪ. ಸ್ಟುಡಿಯೋದಲ್ಲಿ ಉದ್ದನೆಯ ಎಲ್‌ಇಡಿ ಪ್ಯಾನೆಲ್ ನಿಲ್ಲಿಸಿದ್ದರೆ ಅದರ ಪ್ರತಿಬಿಂಬ ಕಣ್ಣಿನಲ್ಲಿ ಉದ್ದ ಪಟ್ಟಿಯಾಗಿ ಬೀಳುತ್ತದೆ. ಬಳೆಯಂಥ ದುಂಡು ದೀಪ ಇಟ್ಟರೆ ಉಂಗುರ ಬೀಳುತ್ತದೆ. ಮೇಕಪ್ ರೂಮಿನ ಕನ್ನಡಿಯ ಮುಂದೆ ಕೂತರೆ ನಿಮ್ಮ ಕಣ್ಣಲ್ಲೂ ಬಲ್ಬುಗಳ ಸಾಲು ಕಾಣುತ್ತದೆ.

ಇಲ್ಲಿ ನನ್ನದೊಂದು ತಕರಾರಿದೆ. ಸೀಳು ಪಾಪೆ ಇದ್ದರೆ ಹಾವು ಅಂತ ಹೇಳುವವರು ಹಾವನ್ನು ಸರಿಯಾಗಿ ನೋಡಿಲ್ಲ. ನಾಗರಹಾವಿನ ಪಾಪೆ ದುಂಡಗಿದೆ. ಕೇರೆ ಹಾವಿನದ್ದೂ ದುಂಡಗೆ. ಉಡ, ಓತಿಕ್ಯಾತದ್ದೂ ಅಷ್ಟೇ. ನಮ್ಮ ಕಡೆ ಸೀಳು ಪಾಪೆ ಇರೋದು ಕೊಳಕುಮಂಡಲಕ್ಕೆ, ಮನೆ ಹಲ್ಲಿಗೆ. ಬೆಕ್ಕಿಗೂ ಇದೆ, ಅದೇನು ಹಾವೇ? ತೋಟದಲ್ಲಿ ಓಡಾಡಿದ ಮಗುವನ್ನು ಕೇಳಿದರೂ ಗೊತ್ತಾಗುವ ವಿಷಯ.

ರೆಪ್ಪೆ ಅಡ್ಡಡ್ಡ ಮುಚ್ಚಿತು. ನಾನೇ ಕಣ್ಣಾರೆ ನೋಡಿದೆ.

ಮನುಷ್ಯ ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತಾನೆ. ಒಂದು ಸಲಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗ ಬೇಕು. ಸೆಕೆಂಡಿಗೆ 25 ಚಿತ್ರವಿದ್ದರೆ, ಬೇಗ ಮಿಟುಕಿಸಿದವರ ರೆಪ್ಪೆ ಸಿಗುವುದು ಎರಡು ಮೂರು ಚಿತ್ರಗಳಲ್ಲಿ ಮಾತ್ರ. ಅವುಗಳಲ್ಲಿ ಒಂದೆರಡು ಮಸುಕು. ಉಳಿದದ್ದನ್ನು ಕಂಪ್ರೆಷನ್ ಅಂದಾಜಿನಿಂದ ತುಂಬುತ್ತದೆ. ಆ ಅಂದಾಜು ಪಕ್ಕದಿಂದ ಬಂದರೆ ರೆಪ್ಪೆಯೂ ಪಕ್ಕದಿಂದ ಬಂದಂತೆ ಕಾಣುತ್ತದೆ.

ಅಂದ ಹಾಗೆ, ಅಡ್ಡ ರೆಪ್ಪೆ ಎಂಬುದು ಕಟ್ಟುಕತೆಯೇನಲ್ಲ. ಕೋಳಿಯ ಕಣ್ಣು ಹತ್ತಿರದಿಂದ ನೋಡಿ, ತೆಳು ಪೊರೆಯೊಂದು ಪಕ್ಕದಿಂದ ಬಂದು ಹೋಗುತ್ತದೆ. ನಿಮ್ಮ ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಗುಲಾಬಿ ಬಣ್ಣದ ಒಂದು ಮಡಿಕೆ ಇದೆಯಲ್ಲ, ಅದು ಆ ಪೊರೆಯದೇ ಅವಶೇಷ. ಹಾವಿಗೆ ಮಾತ್ರ ರೆಪ್ಪೆಯೇ ಇಲ್ಲ. ಮಿಟುಕಿಸುವವನು ಹಾವು ಆಗಿರಲಾರ!

ಒಂದೇ ಒಂದು ಫ್ರೇಮಿನಲ್ಲಿ ಮುಖ ಅಷ್ಟು ವಿಕಾರ ಆಗೋಕೆ ಸಾಧ್ಯವಾ?

ಎಡಿಟಿಂಗ್ ರೂಮಿಗೆ ಬಂದಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಐದು ನಿಮಿಷದ ಭಾಷಣದಲ್ಲಿ 7,500 ಚಿತ್ರಗಳಿರುತ್ತವೆ. ಅದರಲ್ಲಿ ನೆಟ್ಟಗಿರುವ ಒಂದನ್ನು ಹುಡುಕೋದೇ ನಮ್ಮ ಕೆಲಸ.

ಒಂದು ರಾತ್ರಿ ನೆನಪಿದೆ. ಸಚಿವರೊಬ್ಬರ ಬೈಟ್ (ಹೇಳಿಕೆಯ ತುಣುಕು) ಬಂದಿತ್ತು. ತಲೆಬರಹದ ಪಕ್ಕಕ್ಕೆ ಒಂದು ಸ್ಟಿಲ್ ಬೇಕಿತ್ತು. ಎಲ್ಲಿ ನಿಲ್ಲಿಸಿದರೂ ಒಂದು ಕಣ್ಣು ಮುಚ್ಚಿ ಇನ್ನೊಂದು ಬಿಳಿ ತೇಲಿಸಿ, ಬಾಯಿ ಸೊಟ್ಟಗೆ. ಪಾಪ, ಅವರು "ಫಲಾನುಭವಿಗಳು" ಅನ್ನೋ ಪದ ಹೇಳುತ್ತಿದ್ದರು. ಫ ಆದ ಮೇಲೆ ಒಂದು ಚಿತ್ರದಲ್ಲಿ ಕೆಳತುಟಿಯೇ ಮಾಯ. ಪಕ್ಕದ ಹುಡುಗ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. "ಸರ್, ಇದನ್ನೇ ಹಾಕೋಣ" ಅಂದ. ಹಾಕಲಿಲ್ಲ. ಆದರೆ ಅದನ್ನು ಹೊರಗೆ ಬಿಟ್ಟಿದ್ದರೆ? ಕೆಂಪು ವೃತ್ತ ಬೀಳಲು ಒಂದು ಗಂಟೆಯೂ ಬೇಕಿರಲಿಲ್ಲ. ಬೇಕಾದರೆ ನಿಮ್ಮ ಮದುವೆ ವಿಡಿಯೋ ಹಾಕಿ, ಊಟದ ಪಂಕ್ತಿಯ ದೃಶ್ಯದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ. ಇಡೀ ಬೀಗರ ಕಡೆಯವರು ಬೇರೆ ಗ್ರಹದವರೇ.

ಐದು ವಾಹಿನಿಗಳಲ್ಲೂ ಹಾಗೇ ಕಂಡಿತು. ಅಷ್ಟೂ ಕ್ಯಾಮೆರಾ ಸುಳ್ಳು ಹೇಳುತ್ತಾ?

ಅಷ್ಟೂ ಕ್ಯಾಮೆರಾ ಇರಲಿಕ್ಕಿಲ್ಲ. ದೊಡ್ಡ ನಾಯಕರ ಕಾರ್ಯಕ್ರಮಗಳಲ್ಲಿ ಪೂಲ್ ಫೀಡ್ ಎಂಬ ವ್ಯವಸ್ಥೆ ಇರುತ್ತದೆ. ಒಂದೇ ತಂಡ ಚಿತ್ರೀಕರಿಸಿ ಎಲ್ಲ ವಾಹಿನಿಗಳಿಗೂ ಕೊಡುತ್ತದೆ. ನೀವು ನೋಡಿದ್ದು ಐದು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ಐದು ಅಂಗಿ ಹಾಕಿಕೊಂಡು ಬಂದದ್ದು. ಕೇಳಬೇಕಾದ ಪ್ರಶ್ನೆ ಬೇರೆ: ಅದೇ ಕ್ಷಣವನ್ನು ಇನ್ನೊಂದು ಕೋನದಿಂದ ತೆಗೆದ ದೃಶ್ಯವೋ ಫೋಟೋವೋ ಇದೆಯಾ? ಫೋಟೋಗ್ರಾಫರುಗಳ ಸ್ಥಿರಚಿತ್ರಗಳು ವಿಡಿಯೋಗಿಂತ ಎಷ್ಟೋ ಸ್ಪಷ್ಟ. ಅಲ್ಲಿಯೂ ಹಲ್ಲಿ ಕಂಡರೆ ನನಗೆ ಫೋನ್ ಮಾಡಿ.

ಈ ಹಲ್ಲಿಮನುಷ್ಯರ ಕತೆ ಶುರುವಾದದ್ದು ಎಲ್ಲಿ? ನಮ್ಮ ನಾಗಲೋಕವೇ ಅಲ್ವಾ?

ಅಲ್ಲ. ನಮ್ಮ ನಾಗನಿಗೆ ಹಾಲು ಎರೆಯುತ್ತೇವೆ, ತನು ಹಾಕುತ್ತೇವೆ. ಅವನು ಯಾರ ಸರ್ಕಾರವನ್ನೂ ಕದಿಯಲು ಬಂದವನಲ್ಲ.

ಮನುಷ್ಯರ ವೇಷದಲ್ಲಿ ಆಸ್ಥಾನ ಸೇರಿದ ಹಾವುಜನ ಎಂಬ ಕಲ್ಪನೆ 1929ರಲ್ಲೇ ಅಮೆರಿಕದ ಅಗ್ಗದ ಕತೆಪತ್ರಿಕೆಯೊಂದರಲ್ಲಿ ಬಂದಿತ್ತು. 1983ರಲ್ಲಿ ಅಲ್ಲಿನ ಟೀವಿಯಲ್ಲಿ ಬಂದ ಒಂದು ಧಾರಾವಾಹಿಯಲ್ಲಿ ಬಾಹ್ಯಾಕಾಶದಿಂದ ಬಂದವರು ಮುಖದ ಚರ್ಮ ಕಿತ್ತರೆ ಒಳಗೆ ಹಲ್ಲಿ. ಅದನ್ನು ರಾಜಕೀಯ ಸಿದ್ಧಾಂತ ಮಾಡಿ ಊರೂರು ಸುತ್ತಿದವರು ಇಂಗ್ಲೆಂಡಿನ ಡೇವಿಡ್ ಐಕ್. ಮೊದಲು ಫುಟ್‌ಬಾಲ್ ಗೋಲ್‌ಕೀಪರ್, ಆಮೇಲೆ ಬಿಬಿಸಿಯ ಕ್ರೀಡಾ ನಿರೂಪಕ, ಆಮೇಲೆ ಗ್ರೀನ್ ಪಕ್ಷದ ವಕ್ತಾರ. 1991ರಲ್ಲಿ ಬಿಬಿಸಿಯ ಒಂದು ಸಂದರ್ಶನಕ್ಕೆ ಹಸಿರುನೀಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಬಂದು ತಾನು ದೇವರ ಮಗ ಎಂಬರ್ಥದ ಮಾತಾಡಿದರು. ಸಭಿಕರು ಗೊಳ್ಳೆಂದು ನಕ್ಕರು. ಆ ದಶಕದ ಕೊನೆಯ ಹೊತ್ತಿಗೆ ಅವರ ಕತೆಯೊಳಗೆ ಹಲ್ಲಿಗಳು ಬಂದಿದ್ದವು. ರಾಜಮನೆತನಗಳು, ಅಧ್ಯಕ್ಷರು, ಬ್ಯಾಂಕಿನವರು ಎಲ್ಲರೂ ಒಂದೇ ಹಲ್ಲಿ ವಂಶ.

ಬ್ಯಾಂಕಿನವರು ಎಂಬಲ್ಲಿ ಸ್ವಲ್ಪ ನಿಲ್ಲಿ. ಜಗತ್ತನ್ನು ಗುಟ್ಟಾಗಿ ಆಳುವ ಒಂದು ಗುಂಪಿದೆ ಎಂದು ಯಹೂದಿಗಳ ಮೇಲೆ ಹೊರಿಸಿದ ಖೋಟಾ ದಾಖಲೆಯೊಂದು 1903ರಲ್ಲಿ ರಷ್ಯಾದಲ್ಲಿ ಅಚ್ಚಾಗಿತ್ತು. ಅದರಿಂದ ಆದ ಅನಾಹುತ ಇತಿಹಾಸ ಓದಿದವರಿಗೆ ಗೊತ್ತು. ಐಕ್ ಆ ಖೋಟಾ ಕಾಗದವನ್ನೂ ತಮ್ಮ ಪುಸ್ತಕಗಳಲ್ಲಿ ಬಳಸಿಕೊಂಡರು. ತಾನು ಯಹೂದಿ ವಿರೋಧಿಯಲ್ಲ, ಹಲ್ಲಿ ಅಂದರೆ ಹಲ್ಲಿಯೇ ಅನ್ನುತ್ತಾರೆ. ಆಸ್ಟ್ರೇಲಿಯಾ 2019ರಲ್ಲಿ ಅವರ ವೀಸಾ ರದ್ದು ಮಾಡಿತು. ನೆದರ್‌ಲ್ಯಾಂಡ್ಸ್ 2022ರಲ್ಲಿ ಒಳಗೆ ಬರಬೇಡಿ ಅಂದಿತು. ಒಬಾಮಾ ಗಾರ್ಡ್‌ನ ವಿಡಿಯೋ ಹುಟ್ಟಿದ್ದು ಇಸ್ರೇಲ್ ಪರ ಸಮಾವೇಶದ ದೃಶ್ಯದಿಂದ ಎಂಬುದನ್ನು ಈಗ ಇನ್ನೊಮ್ಮೆ ನೆನಪಿಸಿಕೊಳ್ಳಿ. ಇದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸೋದಿಲ್ಲ.

ಇದನ್ನು ನಿಜಕ್ಕೂ ಎಷ್ಟು ಜನ ನಂಬುತ್ತಾರೆ?

2013ರಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಅಮೆರಿಕದ ಸಂಸ್ಥೆ 1,247 ಮತದಾರರನ್ನು ಕೇಳಿತು. ಹಲ್ಲಿಜನ ಸಮಾಜವನ್ನು ಆಳುತ್ತಿದ್ದಾರೆ ಅಂದವರು ಶೇ. 4. ಗೊತ್ತಿಲ್ಲ ಅಂದವರು ಶೇ. 7. ಆ ಶೇ. 4ರಲ್ಲಿ ಎಷ್ಟು ಜನ ಸುಮ್ನೆ ಕೀಟಲೆಗೆ ಹೌದು ಅಂದರೋ ಯಾರಿಗೆ ಗೊತ್ತು. ಕೀಟಲೆ ಮಾಡುವವರಂತೂ ಇದ್ದಾರೆ. 2008ರಲ್ಲಿ ಮಿನೆಸೊಟಾ ರಾಜ್ಯದ ಸೆನೆಟ್ ಚುನಾವಣೆಯಲ್ಲಿ ಅಲ್ ಫ್ರಾಂಕೆನ್ ಮತ್ತು ನಾರ್ಮ್ ಕೋಲ್ಮನ್ ನಡುವೆ ಕೂದಲೆಳೆಯ ಅಂತರ ಇತ್ತು. ಸುಮಾರು 29 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಮರು ಎಣಿಸಿದರು. ಅದರಲ್ಲಿ ಒಂದರ ಮೇಲೆ ಫ್ರಾಂಕೆನ್ ಹೆಸರಿನ ಮುಂದೆ ಗುರುತೂ ಇತ್ತು, ಕೆಳಗೆ ಬೇರೆ ಹೆಸರು ಬರೆಯುವ ಜಾಗದಲ್ಲಿ ಕೈಬರಹದಲ್ಲಿ "ಹಲ್ಲಿಜನ" ಎಂದೂ ಬರೆದಿತ್ತು. ಚುನಾವಣಾ ಮಂಡಳಿಯವರು ಗಂಭೀರವಾಗಿ ಕೂತು ಅದರ ಬಗ್ಗೆ ಚರ್ಚೆ ಮಾಡಿ, ಇಬ್ಬರಿಗೆ ಹಾಕಿದ ಮತ ಎಂದು ತಳ್ಳಿಹಾಕಿದರು. ಫ್ರಾಂಕೆನ್ ಕೊನೆಗೆ 312 ಮತಗಳಿಂದ ಗೆದ್ದರು.

ನಾಯಕರನ್ನೇ ನೇರವಾಗಿ ಕೇಳಿದ್ದಾರಾ?

ಕೇಳಿದ್ದಾರೆ. ನ್ಯೂಜಿಲೆಂಡಿನಲ್ಲಿ ನಮ್ಮ ಆರ್‌ಟಿಐ ಥರದ ಕಾನೂನಿದೆ. ಅದರಡಿ ಒಬ್ಬರು ಪ್ರಧಾನಿ ಜಾನ್ ಕೀ ಹಲ್ಲಿಮನುಷ್ಯ ಅಲ್ಲ ಎಂಬುದಕ್ಕೆ ದಾಖಲೆ ಕೊಡಿ ಎಂದು ಅರ್ಜಿ ಹಾಕಿದರು. 2014ರ ಫೆಬ್ರವರಿಯಲ್ಲಿ ಟೀವಿಯವರು ಕೇಳಿದಾಗ ಕೀ, ಡಾಕ್ಟರಿಗೂ ತೋರಿಸಿದೆ, ಪಶುವೈದ್ಯರಿಗೂ ತೋರಿಸಿದೆ, ಇಬ್ಬರೂ ಹಲ್ಲಿ ಅಲ್ಲ ಅಂದಿದ್ದಾರೆ ಎಂದರು. ನಾಲಿಗೆಯೂ ಅಷ್ಟೇನು ಉದ್ದ ಇಲ್ಲ ಅಂತ ಬೇರೆ ಸೇರಿಸಿದರು. ಪಶುವೈದ್ಯರ ಮಾತು ನನಗೆ ಬಹಳ ಹಿಡಿಸಿತು.

ರಷ್ಯಾದ ಪ್ರಧಾನಿಯಾಗಿದ್ದ ದ್ಮಿತ್ರಿ ಮೆಡ್ವೆಡೆವ್ ಅವರದ್ದು ಇನ್ನೊಂದು ಥರ. 2012ರ ಡಿಸೆಂಬರಿನಲ್ಲಿ ಟೀವಿ ಸಂದರ್ಶನ ಮುಗಿದ ಮೇಲೆ ಮೈಕ್ ಇನ್ನೂ ಆನ್ ಇತ್ತು. ಪತ್ರಕರ್ತೆಯೊಬ್ಬರು ಏಲಿಯನ್ ಬಗ್ಗೆ ಕೇಳಿದರು. ಅಧ್ಯಕ್ಷರಾದವರಿಗೆ ಅಣ್ವಸ್ತ್ರದ ಗುಪ್ತಸಂಕೇತದ ಜೊತೆ ಏಲಿಯನ್‌ಗಳ ಒಂದು ಫೈಲೂ ಕೊಡುತ್ತಾರೆ, ನಮ್ಮ ನಡುವೆ ಎಷ್ಟು ಜನ ಇದ್ದಾರೆ ಅಂತ ಹೇಳಿದರೆ ಗಾಬರಿಯಾದೀತು, ಎಂದರು. ಜಾಸ್ತಿ ತಿಳಿಯಬೇಕಾದರೆ ಇಂಥ ಸಿನಿಮಾ ನೋಡಿ ಅಂತ ಹಾಲಿವುಡ್ಡಿನ ಒಂದು ಹಾಸ್ಯ ಚಿತ್ರದ ಹೆಸರನ್ನೂ ಹೇಳಿದರು. ವಾಟ್ಸಾಪಿನಲ್ಲಿ ಓಡಾಡುವ ತುಣುಕಿನಲ್ಲಿ ಆ ಸಿನಿಮಾದ ಮಾತು ಇರುವುದಿಲ್ಲ. ಎಡಿಟರ್ ಆಗಿ ಹೇಳುತ್ತೇನೆ, ಕತ್ತರಿ ಎಲ್ಲಿ ಬಿತ್ತು ಅನ್ನೋದೇ ಅರ್ಧ ಕತೆ.

ಮೆಕ್ಸಿಕೋ ಸಂಸತ್ತಿನಲ್ಲಿ ಏಲಿಯನ್ ಹೆಣವನ್ನೇ ತೋರಿಸಿದರಲ್ಲ, ಅದು?

2023ರ ಸೆಪ್ಟೆಂಬರ್ 12. ಹೈಮೆ ಮೌಸ್ಸಾನ್ ಎಂಬ ಟೀವಿ ಪತ್ರಕರ್ತ ಎರಡು ಪೆಟ್ಟಿಗೆ ತಂದು ತೆರೆದರು. ಒಳಗೆ ಬೂದು ಬಣ್ಣದ ಎರಡು ಪುಟ್ಟ ದೇಹಗಳು, ಕೈಗೆ ಮೂರು ಮೂರು ಬೆರಳು. ಪೆರುವಿನಲ್ಲಿ ಸಿಕ್ಕಿದ್ದು, ಸಾವಿರ ವರ್ಷ ಹಳೆಯವು, ಭೂಮಿಯವಲ್ಲ ಅಂದರು. ಈ ಸಲ ವಿಡಿಯೋದಲ್ಲಿ ದೋಷ ಇರಲಿಲ್ಲ. ದೃಶ್ಯ ಸ್ಫಟಿಕದಂತೆ ಸ್ಪಷ್ಟ. ದೋಷ ಪೆಟ್ಟಿಗೆಯಲ್ಲಿತ್ತು. ಅದೇ ವಾರ ನಾಸಾದ ಸಮಿತಿಯವರನ್ನು ಕೇಳಿದಾಗ, ಮಾದರಿಯನ್ನು ವಿಜ್ಞಾನಿಗಳ ಕೈಗೆ ಕೊಡಿ, ನೋಡೋಣ ಎಂದರು. ಮರುತಿಂಗಳು ಲಿಮಾ ವಿಮಾನ ನಿಲ್ದಾಣದ ಕೊರಿಯರ್ ಕಚೇರಿಯಲ್ಲಿ ಅದೇ ಥರದ ಎರಡು ಗೊಂಬೆಗಳು ಸಿಕ್ಕಿದವು. 2024ರ ಜನವರಿಯಲ್ಲಿ ಪೆರುವಿನ ವಿಧಿವಿಜ್ಞಾನ ತಜ್ಞರು ಅವನ್ನು ಪರೀಕ್ಷಿಸಿ, ಪ್ರಾಣಿಗಳ ಮೂಳೆಯನ್ನು ಈಗಿನ ಕಾಲದ ಅಂಟಿನಿಂದ ಜೋಡಿಸಿದ್ದು ಎಂದರು. ಮೆಕ್ಸಿಕೋದಲ್ಲಿ ತೋರಿಸಿದ ಪೆಟ್ಟಿಗೆ ಬೇರೆ, ಇವು ಬೇರೆ. ಅದನ್ನು ಬೆರೆಸಬೇಡಿ. ಆದರೆ ಜಾತಿ ಒಂದೇ.

ಅಮೆರಿಕದ ಸಂಸತ್ತಿನಲ್ಲೂ ಹಾರುವ ವಸ್ತುಗಳ ವಿಡಿಯೋ ತೋರಿಸಿದ್ದಾರೆ. ಸರ್ಕಾರವೇ ತೋರಿಸಿದ ಮೇಲೆ?

2022ರ ಮೇ 17ರ ಆ ವಿಚಾರಣೆಯನ್ನು ನಾನು ಪೂರ್ತಿ ನೋಡಿದೆ. ಅಂಥದ್ದೊಂದು ಬಹಿರಂಗ ವಿಚಾರಣೆ ಅಲ್ಲಿ 50 ವರ್ಷಗಳ ಮೇಲೆ ನಡೆದದ್ದು. ನೌಕಾಪಡೆಯ ಬೇಹುಗಾರಿಕೆ ವಿಭಾಗದ ಸ್ಕಾಟ್ ಬ್ರೇ ಒಂದು ತುಣುಕು ಹಾಕಿಸಿದರು. ವಿಮಾನದ ಕಿಟಕಿಯಾಚೆ ಏನೋ ದುಂಡಗಿನದು ಸರ್ರನೆ ಹಾದುಹೋಗುತ್ತದೆ. ಇಲ್ಲಿ ನಿಲ್ಲಿಸಿ ಅಂದರು. ನಿಲ್ಲಿಸುವಷ್ಟರಲ್ಲಿ ಅದು ಹೋಗಿಯಾಗಿತ್ತು. ಹಿಂದಕ್ಕೆ ತಂದರು. ಮತ್ತೆ ಹೋಯಿತು. ಇಡೀ ಜಗತ್ತು ನೋಡುತ್ತಿದೆ, ಪಾಪ ಯಾವನೋ ಹುಡುಗ ಒಂದು ಫ್ರೇಮಿಗಾಗಿ ಒದ್ದಾಡುತ್ತಿದ್ದಾನೆ. ನನ್ನ ಹಳೆಯ ರಾತ್ರಿ ಪಾಳಿಗಳೆಲ್ಲ ಕಣ್ಣ ಮುಂದೆ ಬಂದವು.

ಅದೇ ದಿನ ಹಸಿರು ತ್ರಿಕೋನಗಳ ವಿಡಿಯೋವನ್ನೂ ತೋರಿಸಿದರು. ನೆಟ್ಟಿನಲ್ಲಿ ಅದು ಆಗಲೇ ತ್ರಿಕೋನ ಹಡಗು ಎಂದು ಹೆಸರಾಗಿತ್ತು. ಬ್ರೇ ಕೊಟ್ಟ ವಿವರಣೆ: ಅವು ಡ್ರೋನ್‌ಗಳು. ರಾತ್ರಿ ನೋಡುವ ದುರ್ಬೀನಿನ ಮೂಲಕ ಬಂದ ಬೆಳಕನ್ನು ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಹಿಡಿದಾಗ ತ್ರಿಕೋನವಾಗಿ ಕಂಡಿದೆ. ಹಡಗಿಗೆ ಆ ಆಕಾರ ಕೊಟ್ಟದ್ದು ಕ್ಯಾಮೆರಾ.

ಎಲ್ಲದಕ್ಕೂ ವಿವರಣೆ ಸಿಕ್ಕಿದೆ ಅಂತ ಅಲ್ಲ. 2021ರ ಸರ್ಕಾರಿ ವರದಿಯಲ್ಲಿ 144 ಪ್ರಕರಣಗಳಿದ್ದವು. ಖಚಿತವಾಗಿ ಗುರುತಿಸಿದ್ದು ಒಂದನ್ನು ಮಾತ್ರ, ಅದು ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. 2023ರ ಜುಲೈ 26ರಂದು ಡೇವಿಡ್ ಗ್ರಶ್ ಎಂಬ ಮಾಜಿ ಅಧಿಕಾರಿ ಪ್ರಮಾಣ ಮಾಡಿ, ಮನುಷ್ಯರದ್ದಲ್ಲದ ಜೀವಿಗಳ ಅವಶೇಷ ಸರ್ಕಾರದ ಬಳಿ ಇದೆಯೆಂದು ತನಗೆ ಬೇರೆಯವರು ಹೇಳಿದ್ದಾರೆ ಅಂದರು. 2024ರ ಮಾರ್ಚಿನಲ್ಲಿ ರಕ್ಷಣಾ ಇಲಾಖೆಯ ತನಿಖಾ ಕಚೇರಿ ಅಂಥ ಯಾವ ಪುರಾವೆಯೂ ಸಿಕ್ಕಿಲ್ಲ ಎಂದು ವರದಿ ಕೊಟ್ಟಿತು. ಏನೆಂದು ಗೊತ್ತಾಗಿಲ್ಲ ಅನ್ನೋದೂ ಏಲಿಯನ್ ಅನ್ನೋದೂ ಒಂದೇ ಅಲ್ಲ.

ನಾನೇ ಪರೀಕ್ಷೆ ಮಾಡೋದು ಹೇಗೆ?

ಮೊದಲು ಮೂಲ ವಿಡಿಯೋ ಹುಡುಕಿ. ಅಮೆರಿಕದ ರಾಜಕೀಯವಾದರೆ ಸಿ-ಸ್ಪ್ಯಾನ್ ಎಂಬ ವಾಹಿನಿಯ ಸಂಗ್ರಹದಲ್ಲಿ 1987ರಿಂದೀಚಿನ ಸಾವಿರಾರು ಗಂಟೆಗಳ ದೃಶ್ಯ ಬಿಟ್ಟಿಯಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ ಅಲ್ಪವಿರಾಮದ ಕೀ ಒತ್ತಿದರೆ ಒಂದು ಚಿತ್ರ ಹಿಂದಕ್ಕೆ, ಪೂರ್ಣವಿರಾಮದ ಕೀ ಒತ್ತಿದರೆ ಒಂದು ಚಿತ್ರ ಮುಂದಕ್ಕೆ. ವಿಕಾರ ಮುಖದಿಂದ ಹತ್ತು ಚಿತ್ರ ಹಿಂದೆ ಹೋಗಿ, ಹತ್ತು ಚಿತ್ರ ಮುಂದೆ ಹೋಗಿ. ಮುಖದ ಜೊತೆ ಟೈ, ಗೋಡೆ, ಪಕ್ಕದವನ ಭುಜವೂ ಕಲಸಿಹೋಗಿದೆಯಾ ನೋಡಿ. ಗೋಡೆ ಹಲ್ಲಿಯಾಗುವುದಿಲ್ಲ ಅಲ್ವಾ?

ಹಿಗ್ಗಿಸಬೇಡಿ. ಈಗಿನ ಎಐ ಆ್ಯಪ್‌ಗಳಿಂದ ಸ್ಪಷ್ಟ ಮಾಡಲೇಬೇಡಿ. ಅವು ಇಲ್ಲದ ವಿವರವನ್ನು ಊಹಿಸಿ ಬಿಡಿಸುತ್ತವೆ. 12 ಚುಕ್ಕಿಯ ಕಣ್ಣು ಕೊಟ್ಟರೆ ರೆಪ್ಪೆಯ ಕೂದಲನ್ನೂ ಎಣಿಸಿ ಕೊಡುತ್ತವೆ. ಆ ಕೂದಲು ಯಾರದ್ದೂ ಅಲ್ಲ.

ನಮ್ಮ ಕಡೆಯ ರಾಜಕಾರಣಿಗಳ ವಿಡಿಯೋದಲ್ಲಿ ಕಂಡಿದ್ದೀರಾ?

ನನಗೆ ಬರುವ ನಮ್ಮೂರ ವಿಡಿಯೋಗಳಲ್ಲಿ ಏಲಿಯನ್‌ಗಿಂತ ದೆವ್ವವೇ ಜಾಸ್ತಿ.

ಸುಮ್ನೆ ಮಜಾ ತಗೊಂಡರೆ ಏನು ನಷ್ಟ?

ನಾನೂ ಮಜಾ ತಗೊಳ್ತೇನೆ. ಆದರೆ ಎಲ್ಲರೂ ಅಲ್ಲಿಗೇ ನಿಲ್ಲುವುದಿಲ್ಲ. 2020ರ ಕ್ರಿಸ್‌ಮಸ್ ದಿನ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಒಬ್ಬ ತನ್ನ ವಾಹನದಲ್ಲಿ ಬಾಂಬ್ ಸಿಡಿಸಿ ತಾನೂ ಸತ್ತ. ಅವನು ಪರಿಚಯದವರಿಗೆ ಕಳಿಸಿದ್ದ ಬರಹಗಳಲ್ಲಿ ಹಲ್ಲಿಮನುಷ್ಯರ ಮಾತಿತ್ತು. 2021ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ತಂದೆ ತನ್ನ ಎರಡು ಪುಟ್ಟ ಮಕ್ಕಳನ್ನು ಕೊಂದ ಆರೋಪದ ಮೇಲೆ ಸಿಕ್ಕಿಬಿದ್ದ. ಹೆಂಡತಿಯಿಂದ ಮಕ್ಕಳಿಗೆ ಹಾವಿನ ಡಿಎನ್‌ಎ ಬಂದಿದೆ ಎಂದು ಅವನು ಹೇಳಿದ್ದಾಗಿ ಎಫ್‌ಬಿಐ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಎದುರಿಗಿರುವವನು ಮನುಷ್ಯನೇ ಅಲ್ಲ ಅಂತ ಒಮ್ಮೆ ನಂಬಿಬಿಟ್ಟರೆ ಅವನಿಗೆ ಏನು ಮಾಡಿದರೂ ತಪ್ಪು ಅನ್ನಿಸುವುದಿಲ್ಲ.

ಆ ಗಾರ್ಡ್ ಕೂಡ ಯಾರದೋ ಮನೆಯವನು. ತನ್ನ ಪಾಡಿಗೆ ಡ್ಯೂಟಿ ಮಾಡುತ್ತಿದ್ದ. ಕೆಟ್ಟ ಬೆಳಕು, ಕೆಟ್ಟ ಫೈಲು, ಅಷ್ಟೇ ಅವನ ತಪ್ಪು.

ಕೊನೆಗೂ ಚಿಕ್ಕಪ್ಪ ಒಪ್ಪಿದರಾ?

ಇಲ್ಲ. ಹೋದ ಭಾನುವಾರ ವಿಡಿಯೋ ಕಾಲ್ ಮಾಡಿದ್ದರು. ಚೌಕ, ಗೀಟು, ಪಾಪೆ ಎಲ್ಲ ಮತ್ತೆ ವಿವರಿಸಿದೆ. "ಅದು ಬರೀ ಕಂಪ್ರೆಷನ್ ಚಿಕ್ಕಪ್ಪ, ಅವನು ನಿಮ್ಮ ಹಾಗೇ ಮನುಷ್ಯ" ಅಂದೆ. ಅಷ್ಟರಲ್ಲಿ ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನ ಸಂದಿಯಿಂದ ಹಲ್ಲಿ ಲೊಚಗುಟ್ಟಿತು. ಚಿಕ್ಕಪ್ಪ ತಕ್ಷಣ ಬೆರಳಿನಿಂದ ಮೇಜು ಕುಟ್ಟಿ, "ಕೃಷ್ಣ ಕೃಷ್ಣ. ನೋಡಿದ್ಯಾ, ಹಲ್ಲಿ ನುಡೀತು. ಸತ್ಯ!" ಅಂದರು.

ಹಲ್ಲಿ ನುಡಿದಾಗ ಮಾತಾಡುತ್ತಿದ್ದವನು ನಾನು. ಅದನ್ನು ಹೇಳುವಷ್ಟರಲ್ಲಿ ಅವರ ಮುಖ ಚೌಕ ಚೌಕವಾಗಿ ಒಡೆದು ಕಾಲ್ ಕಟ್ ಆಯಿತು.